ಫ್ರೀಆರ್‌ಟಿಒಎಸ್ ಪೋರ್ಟ್‌ಗೆ ಮೊದಲು ಟೂಲ್‌ಚೈನ್ ಪರೀಕ್ಷೆ

ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಹೂಮಳೆ ಅಳೆಯುವ ಪುಟ್ಟ ಬೋರ್ಡಿಗೆ ಫ್ರೀಆರ್‌ಟಿಒಎಸ್ (ಪುಟ್ಟ ಚಿಪ್ಪಿನಲ್ಲಿ ಹಲವು ಟಾಸ್ಕ್‌ಗಳನ್ನು ಓಡಿಸುವ ಆಪರೇಟಿಂಗ್ ಸಿಸ್ಟಂ) ಕೂರಿಸಬೇಕಿತ್ತು. ಚಿಪ್ ರಿಸ್ಕ್-ಫೈವ್ ವಿನ್ಯಾಸದ್ದು, 32 ಬಿಟ್ಟಿನ ಆರ್‌ವಿ32ಐಎಂಸಿ: ಗುಣಾಕಾರ, ಕಂಪ್ರೆಸ್ಡ್ ಸೂಚನೆಗಳು ಉಂಟು, ಅಟಾಮಿಕ್ಕೂ (ನಡುವೆ ಅಡ್ಡಿಯಾಗದಂತೆ ಓದಿ ಬದಲಿಸುವ ಸೂಚನೆ) ಫ್ಲೋಟೂ (ದಶಮಾಂಶ ಲೆಕ್ಕ) ಇಲ್ಲ. ಕರ್ನಲ್ ಮುಟ್ಟುವ ಮೊದಲೇ ಟೂಲ್‌ಚೈನ್, ಅಂದರೆ ಕಂಪೈಲರ್, ಅಸೆಂಬ್ಲರ್, ಲಿಂಕರ್‌ಗಳ ಗುಂಪನ್ನು ನೋಡಿದೆ. ಕಂಪೈಲರ್ ಆ ಚಿಪ್ಪಿಗೆ ಕೋಡ್ ಹೊರಡಿಸಿದರಷ್ಟೇ ಸಾಲದು, ಅದರ ಜೊತೆ ಬಂದ ಲೈಬ್ರರಿಗಳೂ ಅದೇ ಚಿಪ್ಪಿಗೆ ಕಟ್ಟಿದವಾಗಿರಬೇಕು.

ಮೊದಲ ಆಜ್ಞೆ ಜಿಸಿಸಿ ಕಂಪೈಲರಿನ ‘-ಪ್ರಿಂಟ್-ಮಲ್ಟಿ-ಲಿಬ್’, ಯಾವ ಯಾವ ಬಗೆಯ ಚಿಪ್ಪಿಗೆ ಲೈಬ್ರರಿ ಕಟ್ಟಿದೆ ಎಂದು ಅದು ಹೇಳುತ್ತದೆ. ಪಟ್ಟಿಯಲ್ಲಿ ಆರ್‌ವಿ32ಐಎಂಸಿ ಮತ್ತು ಐಎಲ್‌ಪಿ32 (32 ಬಿಟ್ಟಿನ ಎಬಿಐ, ಅಂದರೆ ಫಂಕ್ಷನ್‌ಗಳು ಒಂದನ್ನೊಂದು ಕರೆಯುವ ಕಟ್ಟಳೆ) ಜೋಡಿ ಇದೆಯೇ ನೋಡಿ. ನಂತರ ಅದೇ ‘-ಮಾರ್ಚ್’ (ಚಿಪ್ಪಿನ ಬಗೆ), ‘-ಎಂಎಬಿಐ’ (ಎಬಿಐ) ಕೊಟ್ಟು ‘-ಪ್ರಿಂಟ್-ಲಿಬ್‌ಜಿಸಿಸಿ-ಫೈಲ್-ನೇಮ್’ ಓಡಿಸಿ. ಲಿಬ್‌ಜಿಸಿಸಿ ಎಂದರೆ ಚಿಪ್ಪಿಗೆ ನೇರವಾಗಿ ಬಾರದ ಲೆಕ್ಕಗಳನ್ನು ಮಾಡಿಕೊಡುವ ಜಿಸಿಸಿಯ ಲೈಬ್ರರಿ. ಬಂದ ದಾರಿ 64 ಬಿಟ್ಟಿನ ಡೀಫಾಲ್ಟ್ ಫೋಲ್ಡರಿಗೆ ಹೋದರೆ ಲಿಂಕ್ ಹಂತದಲ್ಲಿ ಜಗಳ ಖಂಡಿತ. ಉಬುಂಟುವಿನ ರಿಸ್ಕ್-ಫೈವ್ ಎಲ್ಫ್ ಜಿಸಿಸಿ ಪ್ಯಾಕೇಜಿನಲ್ಲಿ ನ್ಯೂಲಿಬ್ (ಪುಟ್ಟ ಬೋರ್ಡುಗಳ ಸಿ ಲೈಬ್ರರಿ) ಇರುವುದಿಲ್ಲ, ಅಂಥದ್ದೇ ಇನ್ನೊಂದಾದ ಪಿಕೊಲಿಬ್‌ಸಿಯನ್ನು ಬೇರೆಯಾಗಿ ಹಾಕಿಕೊಳ್ಳಬೇಕು.

ಎರಡನೆಯದು ಝಡ್‌ಐಸಿಎಸ್‌ಆರ್, ಅಂದರೆ ಚಿಪ್ಪಿನ ನಿಯಂತ್ರಣ ರಿಜಿಸ್ಟರುಗಳನ್ನು (ಸಿಎಸ್‌ಆರ್) ಓದಿ ಬರೆಯುವ ಸೂಚನೆಗಳ ಗುಂಪು. ಫ್ರೀಆರ್‌ಟಿಒಎಸ್‌ನ ಪೋರ್ಟ್ ಅಸೆಂಬ್ಲಿ ಎಂಕಾಸ್ (ಟ್ರ್ಯಾಪ್ ಬಂದ ಕಾರಣ), ಎಂಟಿವೆಕ್ (ಆಗ ಹೋಗಬೇಕಾದ ವಿಳಾಸ) ಇಂಥ ರಿಜಿಸ್ಟರುಗಳನ್ನು ಓದಿ ಬರೆಯುತ್ತದೆ. ಜಿಸಿಸಿ 12, ಬಿನ್‌ಯುಟಿಲ್ಸ್ (ಅಸೆಂಬ್ಲರ್, ಲಿಂಕರ್ ಇರುವ ಪ್ಯಾಕೇಜು) 2.38ರಿಂದ ಈಚೆಗೆ ಆ ಸೂಚನೆಗಳು ಮೂಲ ‘ಐ’ಯೊಳಗೆ ಸೇರಿಲ್ಲ. ‘-ಮಾರ್ಚ್’ ಆಯ್ಕೆಯ ಕೊನೆಗೆ ‘_ಝಡ್‌ಐಸಿಎಸ್‌ಆರ್’ ಸೇರಿಸದಿದ್ದರೆ ಅಸೆಂಬ್ಲರ್ ‘ಗುರುತಿಲ್ಲದ ಆಪ್‌ಕೋಡ್’ ಎಂದು ನಿಲ್ಲುತ್ತದೆ. ಹಳೆಯ ಮೇಕ್‌ಫೈಲ್ ಹೊಸ ಕಂಪೈಲರಿನಲ್ಲಿ ಮುರಿಯುವುದು ಹೆಚ್ಚಾಗಿ ಇಲ್ಲೇ.

ಅತಿ ಅಪಾಯದ್ದು ಅಟಾಮಿಕ್. ಮಳೆಮಾಪಕದ ಬಕೆಟ್ ವಾಲಿದಾಗೆಲ್ಲ ಇಂಟರಪ್ಟ್ ಒಂದು ಎಣಿಕೆ ಏರಿಸುತ್ತದೆ, ಟಾಸ್ಕ್ ಅದನ್ನು ಓದಿ ಸೊನ್ನೆ ಮಾಡುತ್ತದೆ. ಸಿ11ರ ಅಟಾಮಿಕ್ ಕೂಡಿಕೆ ಬಳಸಿದರೆ ಲಿಂಕರ್ ‘__ಅಟಾಮಿಕ್_ಫೆಚ್_ಆ್ಯಡ್_4 ಸಿಗಲಿಲ್ಲ’ ಎನ್ನುತ್ತದೆ. ‘-ಮಾರ್ಚ್’ ಆಯ್ಕೆಗೆ ‘ಎ’ (ಅಟಾಮಿಕ್) ಸೇರಿಸಿದರೆ ದೋಷ ಮಾಯವಾಗುತ್ತದೆ, ಆದರೆ ಬೋರ್ಡಿನಲ್ಲಿ ಆ ಸೂಚನೆ ಬಂದ ಕೂಡಲೇ ಎಂಕಾಸ್ 2, ಅಂದರೆ ಅಕ್ರಮ ಸೂಚನೆಯ ಟ್ರ್ಯಾಪ್. ದಯವಿಟ್ಟು ಈ ದಾರಿ ಹಿಡಿಯಬೇಡಿ. ಟಾಸ್ಕ್ ಓದಿ ಸೊನ್ನೆ ಮಾಡುವ ಎರಡು ಸಾಲನ್ನು ಕ್ರಿಟಿಕಲ್ ಸೆಕ್ಷನ್ನಿನಲ್ಲಿ (ಇಂಟರಪ್ಟ್ ತಡೆಹಿಡಿದ ಭಾಗ) ಇಟ್ಟರೆ ಕೆಲಸ ಮುಗಿಯಿತು. ಲಿಂಕ್ ಆಗಿ ಬಂದ ಕೊನೆಯ ಎಲ್ಫ್ ಫೈಲನ್ನು ‘ಆಬ್ಜ್‌ಡಂಪ್ -ಡಿ’ಯಲ್ಲಿ ಬಿಚ್ಚಿ ‘ಎಎಂಒ’ ಅಥವಾ ‘ಎಲ್‌ಆರ್.ಡಬ್ಲ್ಯೂ’ ಹುಡುಕಿ, ಒಂದೂ ಇರಬಾರದು.

ಪ್ರಿಂಟ್‌ಎಫ್, ಮ್ಯಾಲಕ್ ಇದ್ದರೆ ನ್ಯೂಲಿಬ್‌ಗೆ ‘_ಎಸ್‌ಬ್ರೇಕ್’ (ಮೆಮೊರಿ ಒದಗಿಸುವ ಫಂಕ್ಷನ್) ಬೇಕು. ಹಲವು ಟಾಸ್ಕ್‌ಗಳು ಅವನ್ನು ಬಳಸುವುದಾದರೆ ಲಾಕ್ ಫಂಕ್ಷನ್‌ಗಳನ್ನು ನಾವೇ ಬರೆಯಬೇಕು.

ಲಿಂಕರ್ ಸ್ಕ್ರಿಪ್ಟಿನಲ್ಲಿ ವೆಕ್ಟರ್ ಟೇಬಲ್ಲನ್ನು (ಇಂಟರಪ್ಟ್ ಬಂದಾಗ ಎಲ್ಲಿಗೆ ಹೋಗಬೇಕೆಂಬ ಪಟ್ಟಿ) ‘ಕೀಪ್’ ಒಳಗಿಡಿ. ‘--ಜಿಸಿ-ಸೆಕ್ಷನ್ಸ್’ ಇದ್ದಾಗ ಯಾರೂ ಹೆಸರು ಹೇಳಿ ಕರೆಯದ ಟೇಬಲ್ಲು ಕಸದ ಜೊತೆ ಹೋಗುತ್ತದೆ. ಐಎಲ್‌ಪಿ32ರಲ್ಲಿ ಸ್ಟ್ಯಾಕ್ 16 ಬೈಟಿಗೆ ಸರಿಹೊಂದಿರಬೇಕು, ಇಂಟರಪ್ಟ್ ಸ್ಟ್ಯಾಕ್ ಕೂಡ.

ಇಷ್ಟಾದ ಮೇಲೆ ಒಂದು ಅಸೆಂಬ್ಲಿ, ಒಂದು ಸಿ ಫೈಲ್, ಒಂದು ಲಿಂಕರ್ ಸ್ಕ್ರಿಪ್ಟ್‌ನ ಪುಟ್ಟ ಪ್ರೋಗ್ರಾಂ. ಒಂದು 64 ಬಿಟ್ ಭಾಗಾಕಾರ, ಒಂದು ಫ್ಲೋಟ್ ಗುಣಾಕಾರ, ಒಂದು ಸಿಎಸ್‌ಆರ್ ಓದು ಸಾಕು. ಭಾಗಾಕಾರ, ಫ್ಲೋಟ್ ಎರಡೂ ಲಿಬ್‌ಜಿಸಿಸಿಯಿಂದಲೇ ಬರುವುದರಿಂದ ತಪ್ಪು ಲೈಬ್ರರಿ ಇಲ್ಲೇ ಸಿಕ್ಕಿಬೀಳುತ್ತದೆ. ಇದು ಬೋರ್ಡಿನ ಮೇಲೆ ಸರಿಯಾಗಿ ಓಡಿದ ದಿನ, ಅದೇ ಟೂಲ್‌ಚೈನಿನ ಟಾರ್ ಫೈಲನ್ನೂ ಅದರ ಎಸ್‌ಎಚ್‌ಎ256 ಮೊತ್ತವನ್ನೂ ಪೆನ್‌ಡ್ರೈವಿನಲ್ಲಿಟ್ಟೆ. ತೋಟದಲ್ಲಿ ನೆಟ್‌ವರ್ಕ್ ಸಿಗದು, ಬೇರೆ ಆವೃತ್ತಿ ತಂದರೆ ಮಲ್ಟಿಲಿಬ್‌ನಿಂದಲೇ ಮತ್ತೆ ಶುರುಮಾಡಬೇಕು.