ಪಿಟೀಲಿನ ತಂತಿಯ ಎತ್ತರ: ಅಳತೆ ಮೊದಲು, ಅರ ಆಮೇಲೆ

ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದುಕೊಂಡರೆ ಪಿಟೀಲು ಕಲಿಯುವವರ ದೂರು ಶುರುವಾಗುತ್ತದೆ: ತಂತಿ ಒತ್ತಿದರೆ ಬೆರಳು ನೋಯುತ್ತದೆ, ಗಮಕಕ್ಕೆ ಬೆರಳು ಜಾರುವುದಿಲ್ಲ. ತೇವ ಹೀರಿದ ಮರ ಉಬ್ಬಿ, ವಾದ್ಯದ ಮೇಲ್ಹಲಗೆಯೊಂದಿಗೆ, ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡಾದ ಬ್ರಿಡ್ಜ್ ಕೂಡ ತುಸು ಮೇಲೇಳುವುದರಿಂದ ತಂತಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಅರಸೀಕೆರೆಯ ಬಯಲಿಗಿಂತ ಮೂಡಿಗೆರೆ, ಸಕಲೇಶಪುರಗಳಲ್ಲಿ ಮಳೆಗಾಲದ ಈ ತೊಂದರೆ ಹೆಚ್ಚು. ಆದ್ದರಿಂದ ಆಷಾಢದಲ್ಲಿ ಬ್ರಿಡ್ಜ್ ಉಜ್ಜಲು ಕೂರಬಾರದು. ನಾನು ಒಮ್ಮೆ ಹಾಗೆ ಮಾಡಿದ್ದರಿಂದ, ಮಾರ್ಚಿನ ಹೊತ್ತಿಗೆ ಮಂದ್ರ ಷಡ್ಜದ ದಪ್ಪ ತಂತಿ ಫಿಂಗರ್‌ಬೋರ್ಡಿಗೆ (ಬೆರಳೊತ್ತುವ ಕಪ್ಪು ಪಟ್ಟಿಗೆ) ತಾಗಿ ಝರ್ರೆನ್ನತೊಡಗಿ, ಹೊಸ ಬ್ರಿಡ್ಜ್ ಹಾಕಿಸಬೇಕಾಯಿತು.

ಮೊದಲು ನಾಲ್ಕೂ ತಂತಿಗಳನ್ನು ನೀವು ನುಡಿಸುವ ಶ್ರುತಿಗೆ ಸೇರಿಸಿ, ವಾದ್ಯವನ್ನು ಪಕ್ಕದಿಂದ ನೋಡಿ. ತಂತಿ ಬಿಗಿಸಲು ಬಿರಡೆ ತಿರುಗಿಸಿದಂತೆಲ್ಲ ಬ್ರಿಡ್ಜಿನ ತುದಿ ಫಿಂಗರ್‌ಬೋರ್ಡಿನ ಕಡೆಗೆ ವಾಲುತ್ತದೆ. ತಂತಿಗಳ ಬುಡ ಸಿಕ್ಕಿಸಿರುವ ಬಾಲದ ಕಡೆಯ ಅದರ ಮುಖ ನೆಟ್ಟಗೆ ನಿಲ್ಲುವಂತೆ ಎರಡೂ ಕೈಗಳ ಬೆರಳುಗಳಿಂದ ಮೆಲ್ಲಗೆ ಸರಿಪಡಿಸಿದ ಮೇಲೆಯೇ ಅಳೆಯಬೇಕು. ಗಟ್ಟಿ ರಟ್ಟಿನ ಪಟ್ಟಿಯೊಂದರ ಮೇಲೆ ಅಂಚಿನಿಂದಲೇ ಅರ್ಧರ್ಧ ಮಿಲಿಮೀಟರಿಗೆ ಗೆರೆ ಹಾಕಿ, ಅದನ್ನು ಫಿಂಗರ್‌ಬೋರ್ಡಿನ ಬ್ರಿಡ್ಜ್ ಕಡೆಯ ಕೊನೆಯಲ್ಲಿ ನಿಲ್ಲಿಸಿ, ಫಿಂಗರ್‌ಬೋರ್ಡಿನ ಮೇಲ್ಮೈಯಿಂದ ತಂತಿಯ ತಳದವರೆಗಿನ ಅಂತರ ನೋಡಿ. ದಪ್ಪ ತಂತಿಗೆ 5ರಿಂದ 5.5 ಮಿ.ಮೀ., ಸಣ್ಣ ತಂತಿಗೆ 3ರಿಂದ 3.5 ಮಿ.ಮೀ. ಇದ್ದರೆ ಅರ ಮುಟ್ಟಬೇಡಿ. ಬಿರಡೆಯ ಪಕ್ಕದಲ್ಲಿ ತಂತಿಗಳು ಹಾದುಬರುವ ಸಣ್ಣ ಅಡ್ಡಪಟ್ಟಿಯಾದ ನಟ್ ಬಳಿ ದಪ್ಪ ಕಾಗದ ನುಸುಳುವಷ್ಟು ಸಂದು ಸಾಕು. ಅಲ್ಲಿ ಎತ್ತರ ಹೆಚ್ಚಿದ್ದರೆ ಮೊದಲ ಬೆರಳಿನ ಸ್ವರಗಳೇ ಕಷ್ಟವಾಗುತ್ತವೆ, ಅದಕ್ಕೆ ಬ್ರಿಡ್ಜ್ ಕಾರಣವಲ್ಲ.

ಕರ್ನಾಟಕ ಸಂಗೀತದವರು ಇಲ್ಲಿ ಇನ್ನೊಂದನ್ನು ಗಮನಿಸಬೇಕು. ಸ-ಪ-ಸ-ಪ ಎಂದು ಪಾಶ್ಚಾತ್ಯ ಶ್ರುತಿಗಿಂತ ಕೆಳಗೆ ಸೇರಿಸಿದಾಗ ತಂತಿಯ ಬಿಗಿ ಕಡಿಮೆಯಾಗಿ ಅದರ ಕಂಪನ ಅಗಲವಾಗುತ್ತದೆ. ಜಾರು ಸಲೀಸಾಗಲೆಂದು ತೀರಾ ತಗ್ಗಿಸಿದರೆ ನಾದ ಕೆಡುತ್ತದೆ.

ಮಳೆ ಕಳೆದ ಮೇಲೂ ತಂತಿ ಎತ್ತರವಾಗಿದ್ದರೆ ತಗ್ಗಿಸಬಹುದು. ಫಿಂಗರ್‌ಬೋರ್ಡಿನ ಕೊನೆಯಲ್ಲಿ 1 ಮಿ.ಮೀ. ಇಳಿಯಬೇಕಾದರೆ ಬ್ರಿಡ್ಜಿನಲ್ಲಿ ಸುಮಾರು 1.2 ಮಿ.ಮೀ. ಇಳಿಸಬೇಕಾಗುತ್ತದೆ. ಎಲ್ಲ ತಂತಿಗಳನ್ನೂ ಒಟ್ಟಿಗೆ ಸಡಿಲಿಸಬೇಡಿ. ವಾದ್ಯದ ಒಳಗಿನ ಪುಟ್ಟ ಮರದ ಕಂಬ, ಸೌಂಡ್ ಪೋಸ್ಟ್, ನಿಂತಿರುವುದು ಒತ್ತಡದಿಂದಲೇ, ಅದು ಬಿದ್ದರೆ ವಾದ್ಯವನ್ನು ರಿಪೇರಿಯವರ ಬಳಿಗೇ ಒಯ್ಯಬೇಕು. ಒಂದೊಂದೇ ತಂತಿಯನ್ನು ಸಡಿಲಿಸಿ ಪಕ್ಕಕ್ಕಿಟ್ಟು, ಅದು ಕೂರುವ ಬ್ರಿಡ್ಜಿನ ಕಚ್ಚನ್ನು ಸಣ್ಣ ದುಂಡು ಅರದಿಂದ ಎರಡು ಮೂರು ಬಾರಿ ಮಾತ್ರ ಎಳೆದು, ತಂತಿಯನ್ನು ಮತ್ತೆ ಶ್ರುತಿಗೆ ತಂದು ಅಳೆಯಿರಿ. ಈ ಕೆಲಸಕ್ಕೆ ಒಂದು ಮಧ್ಯಾಹ್ನವನ್ನೇ ಮೀಸಲಿಡುವುದು ಒಳ್ಳೆಯದು, ಏಕೆಂದರೆ ಹೋದ ಮರ ಮರಳುವುದಿಲ್ಲ. ಮಧ್ಯದ ಎರಡು ತಂತಿಗಳನ್ನು ಹೆಚ್ಚು ಇಳಿಸಿದರೆ ಬ್ರಿಡ್ಜಿನ ಬಾಗು ಚಪ್ಪಟೆಯಾಗಿ ಕಮಾನು ಪಕ್ಕದ ತಂತಿಗೂ ತಾಗುತ್ತದೆ.

ಕಚ್ಚಿನ ಆಳ ತಂತಿಯ ದಪ್ಪದ ಮೂರನೆಯ ಒಂದು ಭಾಗದಷ್ಟಿರಬೇಕು. ಅದಕ್ಕಿಂತ ಆಳವಾದರೆ ಬ್ರಿಡ್ಜಿನ ಮೇಲಂಚನ್ನು ನಯವಾದ ಉಪ್ಪುಕಾಗದದಿಂದ ಅಷ್ಟೇ ತಗ್ಗಿಸಿ, ಕಚ್ಚಿಗೆ ಪೆನ್ಸಿಲ್ ಸೀಸ ಸವರಿ. ಬ್ರಿಡ್ಜಿನ ಪಾದಗಳನ್ನು ಮಾತ್ರ ಎಂದೂ ಉಜ್ಜಬೇಡಿ. ಅವು ಮೇಲ್ಹಲಗೆಯ ಉಬ್ಬಿಗೆ ಕೂಡಿಕೊಳ್ಳುವಂತೆ ಕೆತ್ತಿದವು. ಕೊನೆಗೆ ಪ್ರತಿ ತಂತಿಯನ್ನೂ ಕೆಳಸ್ಥಾಯಿಯಿಂದ ಮೇಲಿನವರೆಗೆ ಜೋರಾಗಿ ನುಡಿಸಿ, ಎಲ್ಲಿಯೂ ಝರ್ರೆನ್ನುವ ಸದ್ದು ಇಲ್ಲವೆಂದು ಕೇಳಿಸಿಕೊಳ್ಳಿ.