ಸಿಡಿ ಉಳಿಸಿಕೊಳ್ಳಲು ಕಾಪಿ-ಪೇಸ್ಟ್ ಸಾಲದು

ಕಳೆದ ಮಳೆಗಾಲದಲ್ಲಿ ಬಾಳೆಹೊನ್ನೂರು ಕಡೆಯ ನೆಂಟರೊಬ್ಬರು ಪೆನ್‌ಡ್ರೈವ್ ಹಿಡಿದು ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದರು. ಮಗಳ ಮದುವೆಯ ನಾಗಸ್ವರದ ಸಿಡಿಯಿಂದ 11 ಟ್ರ್ಯಾಕ್ ‘ಕಾಪಿ’ ಮಾಡಿಕೊಂಡು, ಸಿಡಿಯನ್ನು ಗುಜರಿಗೆ ಹಾಕಿದ್ದರು. ತೆರೆದು ನೋಡಿದರೆ ಎಲ್ಲ ಫೈಲೂ 1 ಕೆಬಿ. ಪ್ರಾಪರ್ಟೀಸ್ ಒತ್ತಿದರೆ ಬರೀ 44 ಬೈಟ್! ಅವು ಹಾಡಲ್ಲ, ಡಿಸ್ಕಿನಲ್ಲಿ ಹಾಡು ಎಲ್ಲಿ ಶುರುವಾಗುತ್ತದೆ ಎಂದು ವಿಂಡೋಸ್ ತೋರಿಸುವ ಸಿಡಿಎ ಚೀಟಿ. ವಿಳಾಸ ಉಳಿದಿತ್ತು, ಮನೆ ಹೋಗಿತ್ತು.

ಹಾಡನ್ನೇ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಹೊರಗಿನ ಯುಎಸ್‌ಬಿ ಡಿವಿಡಿ ಡ್ರೈವ್ ಒಂದಿದ್ದರೆ ಸಾಕು. ಹಬ್ ಮೂಲಕ ಬೇಡ, ನೇರ ಚುಚ್ಚಿ.

ಮೊದಲು ಬೂಷ್ಟು ತೊಳೆಯಿರಿ. ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಹಳೇ ಪಂಚೆಯ ತುಂಡು. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ; ಸುತ್ತಲೂ ಒರೆಸಿದರೆ ಬೀಳುವ ಗೀರು ಟ್ರ್ಯಾಕಿನ ಉದ್ದಕ್ಕೇ ಸಾಗುತ್ತದೆ, ಡ್ರೈವ್‌ಗೆ ತಿದ್ದಿಕೊಳ್ಳಲು ಆಗುವುದಿಲ್ಲ. ಟೂತ್‌ಪೇಸ್ಟ್ ಉಪಾಯ ನಂಬಬೇಡಿ. ಇನ್ನೊಂದು: ಹೊಳೆಯುವ ಅಡಿಭಾಗಕ್ಕಿಂತ ಹೆಸರು ಬರೆದ ಮೇಲ್ಭಾಗವೇ ಸೂಕ್ಷ್ಮ. ಲೋಹದ ಪದರ ಇರುವುದು ಅದರ ಕೆಳಗೇ. ಬೆಳಕಿಗೆ ಹಿಡಿದಾಗ ಸೂಜಿತೂತು ಕಂಡರೆ ಆ ಸಿಡಿಯ ಕೆಲಸ ಇವತ್ತೇ ಮುಗಿಸಿ.

ಜನ ಎಡವುವುದು ಓದಿಸುವುದರಲ್ಲಿ. ವಿಂಡೋಸ್ ಮೀಡಿಯಾ ಪ್ಲೇಯರ್‌ನ ರಿಪ್ (ಸಿಡಿಯಿಂದ ಹಾಡು ಇಳಿಸುವ) ಗುಂಡಿ ಒತ್ತಿದರೂ ಹಾಡು ಬರುತ್ತದೆ, ಆದರೆ ಗೀರಿನ ಜಾಗದಲ್ಲಿ ಏನು ತಪ್ಪಿತು ಎಂದು ಅದು ಬಾಯಿ ಬಿಡುವುದಿಲ್ಲ. ನಾನು ಬಳಸುವುದು ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ತಂತ್ರಾಂಶ, ಉಚಿತ. ಡ್ರೈವ್ ಆಪ್ಷನ್ಸ್‌ನಲ್ಲಿ ಸೆಕ್ಯೂರ್ ಮೋಡ್ ಆರಿಸಿ, ‘ಟೆಸ್ಟ್ ಅಂಡ್ ಕಾಪಿ’ ಕೊಡಿ. ಪ್ರತಿ ಟ್ರ್ಯಾಕನ್ನೂ ಎರಡು ಸಲ ಓದಿ ಎರಡು ಸಿಆರ್‌ಸಿ ಸಂಖ್ಯೆ (ಓದಿದ್ದರಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ) ತೋರಿಸುತ್ತದೆ. ಎರಡೂ ಒಂದೇ ಆದರೆ ಗೆದ್ದಿರಿ. ಅನುಮಾನದ ಜಾಗವನ್ನು 16 ಸಲ ಓದಿ, ಕನಿಷ್ಠ 8 ಸಲ ಒಂದೇ ಉತ್ತರ ಬಂದರೆ ಮಾತ್ರ ಒಪ್ಪುತ್ತದೆ, ಇಲ್ಲವಾದರೆ ಮತ್ತೆ ಶುರು. ಒಂದು ಹಾಡಿಗೆ ಅರ್ಧ ಗಂಟೆ ಹಿಡಿದರೂ ಕ್ಯಾನ್ಸಲ್ ಒತ್ತಬೇಡಿ, ಹೋಗಿ ಕಾಫಿ ಕಾಯಿಸಿಕೊಳ್ಳಿ. ಕೊನೆಯಲ್ಲಿ ‘ಸಸ್ಪಿಷಿಯಸ್ ಪೊಸಿಷನ್’ (ಅನುಮಾನದ ಜಾಗ) ಎಂದು ನಿಮಿಷ-ಸೆಕೆಂಡ್ ಬಂದರೆ ಆ ಜಾಗವನ್ನಷ್ಟೇ ಕಿವಿಗೊಟ್ಟು ಕೇಳಿ. ಟಪ್ ಎಂದರೆ ಮತ್ತೆ ತೊಳೆದು, ಸಾಧ್ಯವಾದರೆ ಬೇರೆ ಡ್ರೈವ್‌ನಲ್ಲಿ ಓದಿಸಿ. ಒಂದು ಡ್ರೈವ್ ಕೈಬಿಟ್ಟದ್ದನ್ನು ಇನ್ನೊಂದು ಸಲೀಸಾಗಿ ಓದಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಹಾಡುಗಳನ್ನು ಫ್ಲ್ಯಾಕ್ ಎಂಬ ಫೈಲ್ ಬಗೆಯಲ್ಲಿ ಉಳಿಸಿ. ಕುಗ್ಗಿಸದ ವೇವ್ ಫೈಲ್ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ. ಫ್ಲ್ಯಾಕ್‌ನಲ್ಲಿ ಅದು ಹೆಚ್ಚುಕಡಿಮೆ ಅರ್ಧ, ದನಿ ಒಂದಿಷ್ಟೂ ಕಳೆಯದು. ಎಂಪಿ3 ಕಾರಿಗೆ ಸರಿ, ಬ್ಯಾಕಪ್ಪಿಗೆ ಅಲ್ಲ. ಫೋಟೊ, ಫೈಲುಗಳ ಡೇಟಾ ಸಿಡಿಯಾದರೆ ಇಮ್‌ಗ್‌ಬರ್ನ್ ತಂತ್ರಾಂಶದಲ್ಲಿ ಐಎಸ್‌ಒ (ಇಡೀ ಡಿಸ್ಕಿನ ಪ್ರತಿ ಒಂದೇ ಫೈಲಿನಲ್ಲಿ) ಮಾಡಿಟ್ಟರೆ ಮುಗಿಯಿತು.

ಮತ್ತೆ ಸಿಡಿಗೇ ಬರೆಯಬೇಕೆಂದರೆ 80 ನಿಮಿಷದ ಸಿಡಿ-ಆರ್ (ಒಮ್ಮೆ ಬರೆಯುವ ಖಾಲಿ ಸಿಡಿ) ತನ್ನಿ, ಇಡೀ ಸಿಡಿಯನ್ನು ಒಂದೇ ಓಟದಲ್ಲಿ ಬರೆಯುವ ‘ಡಿಸ್ಕ್-ಅಟ್-ಒನ್ಸ್’ ಆರಿಸಿ. ಇಲ್ಲವಾದರೆ ಟ್ರ್ಯಾಕುಗಳ ನಡುವೆ 2 ಸೆಕೆಂಡ್ ಮೌನ ಬಂದು ರಾಗಕ್ಕೂ ಪಲ್ಲವಿಗೂ ನಂಟು ಹರಿಯುತ್ತದೆ. ಹೆಸರಿಲ್ಲದ ಅಗ್ಗದ ಡಿಸ್ಕ್‌ಗಳ ಕಂತೆ ಬೇಡವೇ ಬೇಡ. ನಾನು ತಂದ 50ರ ಕಂತೆಯಲ್ಲಿ ಎರಡು ಮಳೆಗಾಲ ದಾಟಿದ್ದು ಹತ್ತೂ ಇಲ್ಲ. ಕರೆಂಟು ಹೋದರೆ ಬರೆಯುತ್ತಿದ್ದ ಡಿಸ್ಕ್ ಹಾಳು, ಹಾಗಾಗಿ ಲ್ಯಾಪ್‌ಟಾಪಿನಲ್ಲೇ ಮಾಡಿ, ಬ್ಯಾಟರಿ ತುಂಬಿರಲಿ.

ಬರೆದಾದ ಮೇಲೆ ಮೊದಲ ಹಾಡಲ್ಲ, ಕೊನೆಯದನ್ನು ಹಾಕಿ ಕೇಳಿ. ಸಿಡಿ ಒಳಗಿನಿಂದ ಹೊರಕ್ಕೆ ಬರೆಯುತ್ತದೆ, ಎಡವಟ್ಟು ಹೆಚ್ಚಾಗಿ ಅಂಚಿನಲ್ಲೇ. ಅಸಲು ಸಿಡಿ ಎಸೆಯಬೇಡಿ. ಕೆಟ್ಟ ಖಾಲಿ ಡಿಸ್ಕ್‌ಗಳಿಗೆ ದಾರ ಕಟ್ಟಿ ಗದ್ದೆಯಲ್ಲಿ ನೇತುಹಾಕಿ, ಹಕ್ಕಿಗಳು ನಾಲ್ಕು ದಿನವಾದರೂ ಹೆದರುತ್ತವೆ.