ಮಾಳಿಗೆಗೆ ಒಗ್ಗುವ ಮೊದಲ ಟೆಲಿಸ್ಕೋಪ್

ಟೆಲಿಸ್ಕೋಪ್ ಕೊಳ್ಳಲು ಹೊರಟವರು ಮೊದಲು ಕೇಳುವುದು, ಅದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು. ಮಾರುವವರಿಗೂ ಇದು ಗೊತ್ತಿರುವುದರಿಂದಲೇ ಡಬ್ಬಿಯ ಮೇಲೆ 525 ಪಟ್ಟು, 675 ಪಟ್ಟು ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅಂಥದೊಂದು ಡಬ್ಬಿಯನ್ನು ನಾನೂ ಗಂಗಾವತಿಯ ಮನೆಗೆ ತರಿಸಿಕೊಂಡಿದ್ದೆ. ಅದರ ಕಡ್ಡಿಗಾಲಿನ ಸ್ಟ್ಯಾಂಡನ್ನು ಮಾಳಿಗೆಯ ಮೇಲೆ ನಿಲ್ಲಿಸಿ, ಗುರುಗ್ರಹವನ್ನು ಹೇಗೋ ಹಿಡಿದು, ಸ್ಪಷ್ಟಗೊಳಿಸಲೆಂದು ಫೋಕಸ್ ಗುಂಡಿಗೆ ಬೆರಳು ತಾಗಿಸಿದೊಡನೆ ಗ್ರಹವು ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತಿತ್ತು. ಅದು ನಿಲ್ಲುವಷ್ಟರಲ್ಲಿ ಭೂಮಿ ತಿರುಗಿ, ಗ್ರಹವೇ ನೋಟದಿಂದ ಜಾರಿರುತ್ತಿತ್ತು.

ನೋಡಬೇಕಾದದ್ದು ಮುಂದಿನ ಮಸೂರದ ಅಥವಾ ಒಳಗಿನ ಮುಖ್ಯ ಕನ್ನಡಿಯ ವ್ಯಾಸವನ್ನು. ಒಂದು ಮಿಲಿಮೀಟರ್ ವ್ಯಾಸಕ್ಕೆ ಎರಡು ಪಟ್ಟು ವರ್ಧನೆ ಎಂಬುದು ಹೆಚ್ಚೆಂದರೆ ಸಿಗುವ ಮಿತಿ; ಅಂದರೆ 60 ಮಿ.ಮೀ. ಟೆಲಿಸ್ಕೋಪಿನಲ್ಲಿ 120 ಪಟ್ಟು ದಾಟಿದರೆ ಕಾಣುವುದು ದೊಡ್ಡದಾದ ಮಸುಕು ಮಾತ್ರ. ವರ್ಧನೆಯನ್ನು ನೀವೇ ಲೆಕ್ಕ ಹಾಕಬಹುದು: ಟೆಲಿಸ್ಕೋಪಿನ ಸಂಗಮದೂರವನ್ನು (ಮಸೂರ ಅಥವಾ ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ಬಿಂದುವಿನವರೆಗಿನ ದೂರ) ಐಪೀಸಿನ, ಅಂದರೆ ಕಣ್ಣಿಡುವ ಚಿಕ್ಕ ಮಸೂರದ, ಸಂಗಮದೂರದಿಂದ ಭಾಗಿಸಿದರಾಯಿತು. 1200 ಮಿ.ಮೀ. ಸಂಗಮದೂರದ ಟೆಲಿಸ್ಕೋಪಿಗೆ 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು, 10 ಮಿ.ಮೀ. ಹಾಕಿದರೆ 120 ಪಟ್ಟು. ಬೆಳಕಿನ ಲೆಕ್ಕವಾದರೋ ವ್ಯಾಸದ ವರ್ಗದಂತೆ ಏರುತ್ತದೆ, 150 ಮಿ.ಮೀ. ಕನ್ನಡಿಯು 60 ಮಿ.ಮೀ. ಮಸೂರಕ್ಕಿಂತ ಆರು ಪಟ್ಟಿಗೂ ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಶನಿಯ ಬಳೆಗಳನ್ನು ಕಾಣಲು 40–50 ಪಟ್ಟು ಸಾಕು.

ವ್ಯಾಸದಷ್ಟೇ ಮುಖ್ಯವಾದದ್ದು ಸ್ಟ್ಯಾಂಡ್, ಮತ್ತು ಇಲ್ಲಿ ನಮ್ಮ ಊರುಗಳ ಸಂಗತಿಯೇ ಬೇರೆ. ಭೂಮಿಯ ತಿರುಗುವಿಕೆಗೆ ಹೊಂದಿಕೊಂಡು ಚಲಿಸುವ ಈಕ್ವಟೋರಿಯಲ್ ಸ್ಟ್ಯಾಂಡಿನ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಹೊಂದಿಸಬೇಕಾಗುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರುಗಳು ಸುಮಾರು 15ರಿಂದ 16 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಆ ನಕ್ಷತ್ರವೂ ದಿಗಂತದಿಂದ ಅಷ್ಟೇ ಎತ್ತರದಲ್ಲಿರುತ್ತದೆ. ಉತ್ತರಕ್ಕೊಂದು ಗುಡ್ಡವಿದ್ದರೆ, ಇಲ್ಲವೇ ಪಕ್ಕದವರು ಎರಡನೇ ಅಂತಸ್ತು ಕಟ್ಟಿಸಿದ್ದರೆ ಮುಗಿಯಿತು, ಕಾಣುವುದೇ ಇಲ್ಲ. ಅಕ್ಷವನ್ನು ಇಷ್ಟು ತಗ್ಗಿಸಿದಾಗ ಅಗ್ಗದ ಸ್ಟ್ಯಾಂಡುಗಳಲ್ಲಿ ಸಮತೋಲಕ್ಕೆಂದು ಇರುವ ತೂಕದ ಸರಳು ಟ್ರೈಪಾಡಿನ ಕಾಲಿಗೆ ತಾಗುವುದೂ ಉಂಟು. ಆದ್ದರಿಂದ ಹೊಸಬರು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಳವಾಗಿ ತಿರುಗುವ ಆಲ್ಟ್‌ಅಜಿಮತ್ ಸ್ಟ್ಯಾಂಡನ್ನೇ ಆರಿಸುವುದು ಒಳಿತೆಂದು ನನ್ನ ಅಭಿಪ್ರಾಯ. ಕೊಳ್ಳುವ ಮುನ್ನ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಎರಡು ಮೂರು ಸೆಕೆಂಡಿನಲ್ಲಿ ನಡುಕ ನಿಲ್ಲದಿದ್ದರೆ ಅದನ್ನು ಅಲ್ಲೇ ಬಿಟ್ಟುಬನ್ನಿ. ಇದೇ ಅಕ್ಷಾಂಶದಿಂದ ನಮಗೆ ಲಾಭವೂ ಇದೆ: ಲಂಡನ್ನಿನಲ್ಲಿ ಉದಯಿಸದೇ ಇರುವ ಒಮೇಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛವು ಮೇ ತಿಂಗಳ ರಾತ್ರಿಗಳಲ್ಲಿ ನಮ್ಮ ದಕ್ಷಿಣಕ್ಕೆ ಸುಮಾರು 27 ಡಿಗ್ರಿ ಮೇಲೇರುತ್ತದೆ.

ಬಗೆಗಳ ಪೈಕಿ ಡಾಬ್ಸೋನಿಯನ್ ನನ್ನ ಮೊದಲ ಆಯ್ಕೆ. ನೆಲದ ಮೇಲೆ ಕೂರುವ ಮರದ ಪೆಟ್ಟಿಗೆಯಂಥ ಪೀಠದ ಮೇಲೆ ಕನ್ನಡಿಯ ಕೊಳವೆ; ಕೊಟ್ಟ ಹಣದ ಹೆಚ್ಚಿನ ಪಾಲು ಕನ್ನಡಿಗೇ ಹೋಗುತ್ತದೆ. ಆದರೆ 150 ಮಿ.ಮೀ.ನದು ಸುಮಾರು 15 ಕಿಲೋ ತೂಗುವುದರಿಂದ, ಹಳೆಯ ಮನೆಯ ಇಕ್ಕಟ್ಟಿನ ಮೆಟ್ಟಿಲುಗಳಲ್ಲಿ ರಾತ್ರಿ ಹೊತ್ತು ಒಯ್ಯಬಲ್ಲಿರಾ ಎಂದು ಯೋಚಿಸಬೇಕು. ಒಯ್ಯಲಾಗದಿದ್ದರೆ 70–80 ಮಿ.ಮೀ. ಮಸೂರದ್ದು, ಇಲ್ಲವೇ ಮೇಜಿನ ಮೇಲಿಡುವ 130 ಮಿ.ಮೀ. ಕನ್ನಡಿಯದು ಸಾಕು. ಒಂದು ಮೋಸವನ್ನು ಮಾತ್ರ ಗುರುತಿಸಿಕೊಳ್ಳಿ: ಕನ್ನಡಿಯ ಟೆಲಿಸ್ಕೋಪಿನ ಸಂಗಮದೂರ 1000 ಮಿ.ಮೀ. ಎಂದು ಬರೆದಿದ್ದು, ಕೊಳವೆಯ ಉದ್ದ ಅದರ ಅರ್ಧದಷ್ಟೇ ಇದ್ದರೆ, ಒಳಗೆ ಸಾಮಾನ್ಯವಾಗಿ ಹೆಚ್ಚುವರಿ ಮಸೂರವೊಂದನ್ನು ಸೇರಿಸಿರುತ್ತಾರೆ. ಅಗ್ಗದ ಟೆಲಿಸ್ಕೋಪುಗಳಲ್ಲಿ ಆ ಜೋಡಣೆಯ ಬಿಂಬ ಮಂಕಾಗಿರುತ್ತದೆ, ಕನ್ನಡಿಗಳನ್ನು ಒಂದೇ ನೇರಕ್ಕೆ ಹೊಂದಿಸುವುದಂತೂ ಹೊಸಬರಿಗೆ ದಕ್ಕದ ಕೆಲಸ. ಐಪೀಸಿನ ಬುಡದ ವ್ಯಾಸ 1.25 ಇಂಚಿರಲಿ, ಸಣ್ಣ 0.965 ಇಂಚಿನವಕ್ಕೆ ಮುಂದೆ ಒಳ್ಳೆಯ ಜೊತೆ ಸಿಗುವುದು ಕಷ್ಟ.

ಇನ್ನು ನೋಡುವ ಜಾಗ. ಆನೆಗೊಂದಿಯ ಬಂಡೆಗಳ ನಡುವೆ ಕುಳಿತು ನೋಡುವುದು ಚೆಂದವೆನಿಸಿದರೂ, ಹಗಲೆಲ್ಲ ಕಾದ ಆ ಕಲ್ಲು ರಾತ್ರಿ ಬಹಳ ಹೊತ್ತು ಬಿಸಿಯುಸಿರು ಬಿಡುತ್ತಲೇ ಇರುವುದರಿಂದ ಬಿಂಬವು ನೀರಿನೊಳಗಿನ ನಾಣ್ಯದಂತೆ ತೇಲಾಡುತ್ತದೆ. ಕುಷ್ಟಗಿ ಕಡೆಯ ಬಯಲು ಹೊಲಗಳು ಇದಕ್ಕಿಂತ ಮೇಲು. ಮಾಳಿಗೆಯ ಕಾಂಕ್ರೀಟಿನದೂ ಇದೇ ಕಥೆ, ಹಾಗಾಗಿ ಬೇಸಿಗೆಯಲ್ಲಿ ತಡರಾತ್ರಿಯವರೆಗೆ ಕಾಯಿರಿ. ಕೊಳವೆಯನ್ನೂ ನೋಡುವ ಅರ್ಧ ಗಂಟೆ ಮೊದಲೇ ಹೊರಗಿಟ್ಟು ತಣಿಯಲು ಬಿಡಬೇಕು. ಕಾಲುವೆ ಕೆಳಗಿನ ಗದ್ದೆಗಳ ಸೀಮೆಯಲ್ಲಿ ಚಳಿಗಾಲದ ಇಬ್ಬನಿ ಮಸೂರವನ್ನು ಮುಚ್ಚಿಬಿಡುತ್ತದೆ. ಕಪ್ಪು ಡ್ರಾಯಿಂಗ್ ಶೀಟನ್ನು ಮುಂದಿನ ತುದಿಗೆ ಗೇಣುದ್ದ ಸುತ್ತಿದರೆ ಸಾಕಷ್ಟು ತಡೆಯುತ್ತದೆ. ಸಂಡೂರಿನ ಕಡೆ ಅದಿರಿನ ಧೂಳಿರುವಲ್ಲಿ ಕನ್ನಡಿಯನ್ನು ಪಂಜೆಯ ತುದಿಯಿಂದ ಒರೆಸುವ ಕೆಲಸಕ್ಕೆ ಎಂದೂ ಕೈಹಾಕಬೇಡಿ, ಅದು ಗೀರು ಬೀಳಿಸುತ್ತದೆ. ಗಾಳಿ ಊದುವ ರಬ್ಬರ್ ಬುರುಡೆಯಿಂದ ಹಾರಿಸಿ.

ಹಣ ಇನ್ನೂ ಕೂಡಿಲ್ಲವೆಂದರೆ 7×50 ಅಥವಾ 10×50 (7 ಅಥವಾ 10 ಪಟ್ಟು ವರ್ಧನೆ, 50 ಮಿ.ಮೀ. ಮಸೂರ) ಬೈನಾಕ್ಯುಲರ್ ಕೊಂಡು ಕೃತ್ತಿಕೆಯನ್ನೂ ಮಹಾವ್ಯಾಧನ ನೀಹಾರಿಕೆಯನ್ನೂ ಹುಡುಕಲು ಕಲಿಯಿರಿ. ಆ ಅಭ್ಯಾಸ ಮುಂದೆ ಟೆಲಿಸ್ಕೋಪಿಗೂ ಬರುತ್ತದೆ. ಚಂದ್ರನನ್ನು ನೋಡಲು ಹುಣ್ಣಿಮೆಗೆ ಕಾಯಬೇಡಿ. ಅಷ್ಟಮಿಯ ಆಸುಪಾಸಿನಲ್ಲಿ, ಬೆಳಕು ಕತ್ತಲೆ ಕೂಡುವ ಅಂಚಿನಲ್ಲಿ, ಕುಳಿಗಳ ನೆರಳು ಉದ್ದವಾಗಿ ಚಾಚಿರುತ್ತದೆ.

ಡಬ್ಬಿಯಲ್ಲಿ ಐಪೀಸಿಗೆ ತಿರುಗಿಸಿ ಹಾಕುವ ಚಿಕ್ಕ ಕಪ್ಪು ಗಾಜೊಂದು ಸೂರ್ಯನಿಗೆಂದು ಬಂದಿದ್ದರೆ, ಮಕ್ಕಳ ಕೈಗೆ ಸಿಗುವ ಮೊದಲೇ ಅದನ್ನು ಒಡೆದು ಎಸೆಯಿರಿ: ಸೂರ್ಯನ ಬೆಳಕೆಲ್ಲ ಒಟ್ಟುಗೂಡಿ ಬೀಳುವ ಜಾಗದಲ್ಲೇ ಕೂರುವ ಆ ಗಾಜು ಕಾದು ಬಿರಿದರೆ ಕಣ್ಣು ಕ್ಷಣದಲ್ಲಿ ಹೋಗುತ್ತದೆ. ಸೂರ್ಯನನ್ನು ನೋಡಲೇಬೇಕೆಂದರೆ ಕೊಳವೆಯ ಮುಂದಿನ ಬಾಯನ್ನು ಪೂರ್ತಿ ಮುಚ್ಚುವ, ಅದಕ್ಕೆಂದೇ ತಯಾರಾದ ಫಿಲ್ಟರನ್ನು ಬಿಗಿಯಾಗಿ ಕಟ್ಟಿ, ತೂತಿಲ್ಲವೆಂದು ಪ್ರತಿ ಬಾರಿಯೂ ಪರೀಕ್ಷಿಸಿ, ಗುರಿ ಹಿಡಿಯಲೆಂದು ಪಕ್ಕದಲ್ಲಿರುವ ಸಣ್ಣ ಟೆಲಿಸ್ಕೋಪಾದ ಫೈಂಡರಿನ ಬಾಯಿಯನ್ನೂ ಮುಚ್ಚಿದ ಮೇಲೆಯೇ ಕಣ್ಣಿಡಿ.